ಗುಂಡು ಹಾರಿಸದೆ ಈವ್ ಆನ್‌ಲೈನ್: ಕಾರ್ಖಾನೆ ನಡೆಸುವವನ ವಿಮರ್ಶೆ

ಈವ್ ಆನ್‌ಲೈನ್ ಅನ್ನುವ ಬಾಹ್ಯಾಕಾಶದ ಆಟದ ಬಗ್ಗೆ ಯಾರ ವಿಮರ್ಶೆ ತೆರೆದರೂ ಯುದ್ಧದ ವರ್ಣನೆಯೇ ಇರುತ್ತದೆ. ನಾನು ವರ್ಷಗಳಿಂದ ಈ ಆಟದಲ್ಲಿದ್ದೇನೆ, ಆದರೆ ಒಬ್ಬರ ಮೇಲೆ ಗುರಿ ಇಟ್ಟಿದ್ದು ತೀರಾ ಕಡಿಮೆ. ನನ್ನ ಕೆಲಸ ಹಡಗು ಕಟ್ಟುವುದು, ಮದ್ದುಗುಂಡು ಮಾಡುವುದು, ಮಾರುವುದು. ಗ್ರಾಫಿಕ್ಸ್ ಹೇಗಿದೆ, ಯಾವ ಕಂಪ್ಯೂಟರ್ ಬೇಕು ಅನ್ನುವುದೆಲ್ಲ ಬೇರೆ ಕಡೆ ಸಿಗುತ್ತದೆ. ನಾನು ಹೇಳುವುದು ಬರೀ ಕಾರ್ಖಾನೆಯ ವಿಷಯ.

ಬೇರೆ ಆನ್‌ಲೈನ್ ಆಟಗಳಲ್ಲಿ ನನಗೆ ಕ್ರಾಫ್ಟಿಂಗ್ ಸಾಕಾಗಿ ಹೋಗಿತ್ತು. ನೂರು ಕತ್ತಿ ಮಾಡಬೇಕು, ಕೌಶಲದ ಅಂಕಿ ಏರಬೇಕು, ಕತ್ತಿಗಳನ್ನು ಆಟದ ಅಂಗಡಿಯವನಿಗೆ ಚಿಲ್ಲರೆ ಕಾಸಿಗೆ ಎಸೆಯಬೇಕು. ಯಾರಿಗೂ ಬೇಡದ ಸಾಮಾನು ಮಾಡುವುದರಲ್ಲಿ ಏನು ಖುಷಿ? ಈವ್‌ನಲ್ಲಿ ಹಾಗಿಲ್ಲ. 2003ರಲ್ಲಿ ಶುರುವಾದ ಈ ಆಟದಲ್ಲಿ ಚೀನಾದವರನ್ನು ಬಿಟ್ಟರೆ ಉಳಿದೆಲ್ಲರೂ ಒಂದೇ ಸರ್ವರ್‌ನಲ್ಲಿ ಇರುತ್ತಾರೆ. ಹಡಗು ಒಡೆದರೆ ಒಡೆದೇ ಹೋಯಿತು. ಮತ್ತೆ ಬೇಕಾದರೆ ಮಾರುಕಟ್ಟೆಗೆ ಬಂದು ಕೊಳ್ಳಬೇಕು. ಅಲ್ಲಿರುವ ಹಡಗುಗಳನ್ನು, ಹೆಚ್ಚು ಕಡಿಮೆ ಎಲ್ಲವನ್ನೂ, ಯಾರೋ ಒಬ್ಬ ಆಟಗಾರ ಕಟ್ಟಿರುತ್ತಾನೆ. 2014ರ ಜನವರಿಯಲ್ಲಿ ಬಿ-ಆರ್5ಆರ್‌ಬಿ ಅನ್ನುವ ಸೌರಮಂಡಲದ ಕದನದಲ್ಲಿ ಆಟದ ಅತಿ ದೊಡ್ಡ ಹಡಗುಗಳಾದ 75 ಟೈಟನ್‌ಗಳು ನಾಶವಾದವು ಅಂತ ಎಲ್ಲರೂ ಬಾಯಿ ಬಿಟ್ಟುಕೊಂಡು ಓದಿದರು. ನನ್ನಂಥವರಿಗೆ ಮೊದಲು ಹೊಳೆಯುವುದು ಬೇರೆ. ಅಷ್ಟೂ ಟೈಟನ್‌ಗಳಿಗೆ ಯಾರೋ ಕೂತು ಖನಿಜ ಹೊಂದಿಸಿದ್ದರು, ಭಾಗಗಳನ್ನು ಮಾಡಿದ್ದರು, ವಾರಗಟ್ಟಲೆ ಕಾದಿದ್ದರು. ಇನ್ನು ಅಷ್ಟನ್ನೂ ಮತ್ತೆ ಮಾಡಬೇಕು!

ದಿನಚರಿ ಹೇಳುತ್ತೇನೆ, ಏಕೆಂದರೆ ಈ ಆಟ ನನ್ನನ್ನು ಹಿಡಿದಿಟ್ಟಿರುವುದೇ ಅದರಿಂದ. ಬೆಳಿಗ್ಗೆ ಲಾಗಿನ್ ಆದ ತಕ್ಷಣ ಇಂಡಸ್ಟ್ರಿ ವಿಂಡೋ ತೆರೆಯುತ್ತೇನೆ. ನಾನು ಮಲಗಿದ್ದಾಗ ಕಾರ್ಖಾನೆ ಮಲಗಿರುವುದಿಲ್ಲ, ಜಾಬ್‌ಗಳು, ಅಂದರೆ ಹಚ್ಚಿಟ್ಟ ಉತ್ಪಾದನೆಯ ಕೆಲಸಗಳು, ನಿಜವಾದ ಗಂಟೆಗಳ ಲೆಕ್ಕದಲ್ಲಿ ಓಡುತ್ತವೆ. ಮುಗಿದವನ್ನೆಲ್ಲ ಆಯ್ದು ಡೆಲಿವರ್ ಒತ್ತಿದರೆ ಹ್ಯಾಂಗರ್‌ನಲ್ಲಿ ಹೊಸ ಹಡಗುಗಳು ಪ್ಯಾಕ್ ಆಗಿ ಬಂದು ಕೂರುತ್ತವೆ. ಆಮೇಲೆ ಬ್ಲೂಪ್ರಿಂಟ್, ಅಂದರೆ ಹಡಗು ಕಟ್ಟುವ ನಕ್ಷೆ, ಎತ್ತಿ ಇಡುತ್ತೇನೆ. ಎಡಗಡೆ ಟ್ರಿಟಾನಿಯಂ, ಪೈರೈಟ್, ಮೆಕ್ಸಲಾನ್, ಬಲಗಡೆ ಹಡಗು. ಯಾವುದಾದರೂ ಖನಿಜ ಕಡಿಮೆ ಬಿದ್ದಿದ್ದರೆ ಅಲ್ಲೇ ಕಾಣುತ್ತದೆ. ಎಷ್ಟು ರನ್ ಹಾಕಬೇಕು, ಅಂದರೆ ಒಂದೇ ಜಾಬ್‌ನಲ್ಲಿ ಬ್ಲೂಪ್ರಿಂಟ್ ಎಷ್ಟು ಸಲ ಓಡಬೇಕು ಅನ್ನುವುದನ್ನು ನಾನು ಲಾಭ ನೋಡಿ ತೀರ್ಮಾನಿಸುವುದಿಲ್ಲ, ನನ್ನ ಬಿಡುವು ನೋಡಿ ತೀರ್ಮಾನಿಸುತ್ತೇನೆ. ಕೆಲಸಕ್ಕೆ ಹೊರಟರೆ ಸಂಜೆಗೆ ಮುಗಿಯುವಂಥದ್ದು, ರಾತ್ರಿಗೆ ಇನ್ನೂ ಉದ್ದದ್ದು, ರಜೆಯ ದಿನ ಮನೆಯಲ್ಲೇ ಇದ್ದರೆ ಬೇಗ ಬೇಗ ಮುಗಿಯುವ ಮದ್ದುಗುಂಡು. ಮಾಮೂಲಿ ಮದ್ದುಗುಂಡು ಒಂದು ರನ್‌ಗೆ 100 ಬರುತ್ತದೆ. ಆ ರಾಶಿ ನೋಡುವುದೇ ಒಂದು ಸಮಾಧಾನ.

ಬ್ಲೂಪ್ರಿಂಟ್ ಪಳಗಿಸುವುದು ಇನ್ನೊಂದು ಗೀಳು. ಎಂಇ ಅಂದರೆ ಖನಿಜದ ಉಳಿತಾಯ, ಹೆಚ್ಚೆಂದರೆ 10 ಶೇಕಡ. ಟಿಇ ಅಂದರೆ ಸಮಯದ ಉಳಿತಾಯ, 20ರವರೆಗೆ. ಎಂಇಯ ಮೊದಲ ಹಂತ ಸಣ್ಣ ಬ್ಲೂಪ್ರಿಂಟ್‌ಗಳಲ್ಲಿ ನಿಮಿಷಗಳಲ್ಲಿ ಮುಗಿಯುತ್ತದೆ. ಹತ್ತನೆಯ ಹಂತಕ್ಕೆ ದಿನಗಟ್ಟಲೆ ಬೇಕು. ಎರಡರಿಂದಲೂ ಸಿಗುವುದು ಒಂದೊಂದೇ ಶೇಕಡ. ಬುದ್ಧಿ ಇದ್ದವರು ಒಂಬತ್ತಕ್ಕೆ ನಿಲ್ಲಿಸುತ್ತಾರೆ ಅಂತ ಕೇಳಿದ್ದೇನೆ. ನನಗೆ ಆಗುವುದಿಲ್ಲ. ಹತ್ತು ಅಂತ ಕಾಣಲೇಬೇಕು.

ಇನ್ನು ಗಿರಾಕಿಗಳು. ಇಲ್ಲೇ ನೋಡಿ ನಾನು ನಿರೀಕ್ಷಿಸದ ಮಜಾ ಇರುವುದು. ನನ್ನ ಕಾಯಂ ಸರಕು ಕ್ಯಾಟಲಿಸ್ಟ್ ಅನ್ನುವ ಡೆಸ್ಟ್ರಾಯರ್. ಅಗ್ಗದ ಹಡಗು, ಆದರೆ ಹತ್ತಿರದಿಂದ ಹೊಡೆದರೆ ಭಾರಿ ಏಟು. ಇದನ್ನು ಗಂಟುಗಟ್ಟಲೆ ಕೊಳ್ಳುವವರು ಗ್ಯಾಂಕರ್‌ಗಳು, ಅಂದರೆ ಸುರಕ್ಷಿತ ಅನ್ನಿಸಿಕೊಂಡ ಹೈಸೆಕ್‌ನಲ್ಲಿ ಸರಕು ಹಡಗುಗಳನ್ನು ಉಡಾಯಿಸಿ ಲೂಟಿ ಮಾಡುವವರು. ಹೈಸೆಕ್‌ನಲ್ಲಿ ಕಾಂಕಾರ್ಡ್ ಅನ್ನುವ ಪೊಲೀಸ್ ಪಡೆ ಇದೆ. ಅದು ದಾಳಿ ತಡೆಯುವುದಿಲ್ಲ, ದಾಳಿ ಮಾಡಿದವನನ್ನು ಶಿಕ್ಷಿಸುತ್ತದೆ. ಕೆಲವು ಸೆಕೆಂಡುಗಳಲ್ಲಿ ಬಂದು ಅವನ ಹಡಗನ್ನು ಪುಡಿ ಮಾಡುತ್ತದೆ. ಹಾಗೆ ಹೋದ ಹಡಗಿಗೆ ವಿಮೆಯೂ ಸಿಗುವುದಿಲ್ಲ. ಅಂದರೆ ಗ್ಯಾಂಕರ್ ಗೆದ್ದರೂ ಸೋತರೂ ಅವನಿಗೆ ಹೊಸ ಹಡಗು ಬೇಕೇ ಬೇಕು. ಯುದ್ಧ ಮಾಡುವವರು ಒಂದು ವಾರ ಸುಮ್ನೆ ಕೂರಬಹುದು, ರಾಜಿ ಆಗಬಹುದು. ಗ್ಯಾಂಕರ್‌ಗಳಿಗೆ ರಜೆಯೇ ಇಲ್ಲ. ಕಳ್ಳನಿಗೆ ಏಣಿ ಮಾರುವ ವ್ಯಾಪಾರ ಇದು, ಅದೂ ಒಂದು ಸಲ ಹತ್ತಿದರೆ ಮುರಿಯುವ ಏಣಿ.

ಆಮೇಲೆ ಒಂದು ದಿನ ನನ್ನದೇ ಖನಿಜ ತುಂಬಿದ ಹಡಗು ಉಎದಾಮಾ ಅನ್ನುವ ಹೈಸೆಕ್ ಸೌರಮಂಡಲ ದಾಟುವಾಗ ಹೋಯಿತು. ಹೊಡೆದವರ ಪಟ್ಟಿ, ಹಡಗು ಒಡೆದಾಗ ಬರುವ ವರದಿ ಅಂದರೆ ಕಿಲ್‌ಮೇಲ್‌ನಲ್ಲಿ ಬಂತು. ಸಾಲುಸಾಲಾಗಿ ಕ್ಯಾಟಲಿಸ್ಟ್‌ಗಳು. ಅವುಗಳಲ್ಲಿ ನಾನು ಮಾರಿದವು ಎಷ್ಟು? ಗೊತ್ತಾಗುವುದಿಲ್ಲ. ನನ್ನ ಮುಖ್ಯ ದೂರು ಅದೇ.

ಈ ಆಟದಲ್ಲಿ ಹಡಗು ಕಟ್ಟಿದವನ ಹೆಸರು ಎಲ್ಲೂ ಉಳಿಯುವುದಿಲ್ಲ. ಕೊಂಡವನು ಪ್ಯಾಕ್ ಬಿಚ್ಚಿ ಜೋಡಿಸಿದ ಕ್ಷಣ ಹಡಗಿಗೆ ಅವನ ಹೆಸರು ಅಂಟಿಕೊಳ್ಳುತ್ತದೆ. ಅದು ಒಡೆದಾಗ ಕಿಲ್‌ಮೇಲ್‌ನಲ್ಲಿ ಯಾರು ಹೊಡೆದರು, ಯಾವ ಆಯುಧ, ಒಳಗೆ ಏನಿತ್ತು, ಬೆಲೆ ಎಷ್ಟು, ಎಲ್ಲ ಇರುತ್ತದೆ. ಕಟ್ಟಿದವನು ಮಾತ್ರ ಇಲ್ಲ. ಖನಿಜದ ಒಂದೊಂದು ತುಣುಕಿನ ಲೆಕ್ಕ ಇಡುವ ಆಟಕ್ಕೆ ಒಂದು ಸಾಲು ಸೇರಿಸುವುದು ಕಷ್ಟವೇ? ಸರ್ವರ್‌ಗೆ ಭಾರ ಆಗುತ್ತದೆ, ಒಂದೇ ತರಹದ ಸಾಮಾನನ್ನು ಒಂದರ ಮೇಲೊಂದು ಪೇರಿಸಿಡಲು ಆಗುವುದಿಲ್ಲ ಅಂತ ಸಮರ್ಥನೆ ಕೊಡಬಹುದು. ಒಪ್ಪುತ್ತೇನೆ. ಮದ್ದುಗುಂಡಿಗೆ ಬೇಡ, ಹಡಗಿಗಾದರೂ ಕೊಡಿ. ನನ್ನ ಸರಕು ಚೆನ್ನಾಗಿದೆ ಅಂತ ಯಾರೂ ಹುಡುಕಿಕೊಂಡು ಬರುವಂತಿಲ್ಲ ಇಲ್ಲಿ, ಏಕೆಂದರೆ ನನ್ನ ಕ್ಯಾಟಲಿಸ್ಟ್‌ಗೂ ಪಕ್ಕದವನ ಕ್ಯಾಟಲಿಸ್ಟ್‌ಗೂ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಉಳಿಯುವುದು ಬೆಲೆಯ ಜಗಳ ಒಂದೇ.

ಆ ಜಗಳ ಬೇಜಾರು ತರಿಸುತ್ತದೆ. ತಾನೇ ಅಗೆದ ಖನಿಜ ಬಿಟ್ಟಿ ಅಂತ ನಂಬಿದವರು ಯಾವಾಗಲೂ ಇರುತ್ತಾರೆ. ಖನಿಜವನ್ನು ಹಾಗೇ ಮಾರಿದ್ದರೆ ಜಾಸ್ತಿ ಬರುತ್ತಿತ್ತು, ಆದರೂ ಹಡಗು ಕಟ್ಟಿ ಅದಕ್ಕಿಂತ ಕಡಿಮೆಗೆ ಇಡುತ್ತಾರೆ. ಅಂಥವರು ಬಂದ ವಾರ ನನ್ನ ಸರಕು ಹಾಗೇ ಕೂರುತ್ತದೆ. ಜೊತೆಗೆ ಜಾಬ್ ಹಾಕುವ ಶುಲ್ಕ. 2014ರ ಬದಲಾವಣೆಯ ನಂತರ ಒಂದು ಸೌರಮಂಡಲದಲ್ಲಿ ಕೆಲಸ ಹೆಚ್ಚಾದಷ್ಟೂ ಅಲ್ಲಿ ಶುಲ್ಕ ಏರುತ್ತದೆ. ಜೀಟಾದಂಥ ದೊಡ್ಡ ಸಂತೆಯ ಪಕ್ಕದಲ್ಲಿ ದುಬಾರಿ, ದೂರ ಹೋದರೆ ಅಗ್ಗ, ಆದರೆ ಸಾಗಿಸಬೇಕು. ಈ ಏರ್ಪಾಡು ನನಗೆ ಇಷ್ಟವೇ. ಎಲ್ಲರೂ ಒಂದೇ ಕಡೆ ಗುಂಪು ಕಟ್ಟುವುದು ತಪ್ಪುತ್ತದೆ, ಜಾಗ ಹುಡುಕುವವನಿಗೆ ಬೆಲೆ ಸಿಗುತ್ತದೆ.

ಇಷ್ಟವಿಲ್ಲದ್ದು ಕ್ಲಿಕ್ಕು. ಮುಗಿದ ಜಾಬ್‌ಗಳನ್ನು ಒಟ್ಟಿಗೆ ಎತ್ತಿಕೊಳ್ಳಬಹುದು, ಬೇರೆ ಬೇರೆ ಸರಕಿನ ಜಾಬ್ ಶುರು ಮಾಡುವುದು ಮಾತ್ರ ಒಂದೊಂದೇ. ಬ್ಲೂಪ್ರಿಂಟ್ ಆರಿಸು, ರನ್ ಬರೆ, ಎಲ್ಲಿಂದ ಖನಿಜ, ಎಲ್ಲಿಗೆ ಸರಕು, ಸ್ಟಾರ್ಟ್. ಮತ್ತೆ ಬ್ಲೂಪ್ರಿಂಟ್ ಆರಿಸು. ಕೌಶಲ ಕಲಿಯಲು ಕ್ಯೂ ಇದೆ, ಇದು ಮುಗಿದ ಮೇಲೆ ಅದು ಅಂತ ಸಾಲಾಗಿ ಹಚ್ಚಿ ಮಲಗಬಹುದು. ಜಾಬ್‌ಗೆ ಆ ಭಾಗ್ಯ ಇಲ್ಲ. ಒಂದು ಪಾತ್ರಕ್ಕೆ ಎಲ್ಲ ಕೌಶಲ ಕಲಿತ ಮೇಲೆ ಹೆಚ್ಚೆಂದರೆ 11 ಉತ್ಪಾದನಾ ಜಾಬ್. ದೊಡ್ಡ ಕುಳಗಳು ಇನ್ನೂ ಪಾತ್ರ, ಇನ್ನೂ ಅಕೌಂಟ್ ಇಟ್ಟುಕೊಂಡಿರುತ್ತಾರೆ. ಅವರ ಕೈಬೆರಳುಗಳ ಗತಿ ಏನೋ! ಲೆಕ್ಕಕ್ಕೆ ಎಕ್ಸೆಲ್ ಬೇರೆ. ಇದು ಆಟವಲ್ಲ ಸ್ಪ್ರೆಡ್‌ಶೀಟ್ ಅಂತ ಜನ ಗೇಲಿ ಮಾಡುತ್ತಿದ್ದರು. 2022ರಲ್ಲಿ ಆಟದ ಮಾಹಿತಿ ನೇರವಾಗಿ ಎಕ್ಸೆಲ್‌ಗೆ ಬರುತ್ತದೆ ಅಂತ ಅಧಿಕೃತವಾಗಿಯೇ ಘೋಷಿಸಿದಾಗ ಗೇಲಿ ಮಾಡುವವರಿಗೆ ಕೆಲಸವೇ ಇಲ್ಲವಾಯಿತು. ನನಗಂತೂ ಉಪಯೋಗವಾಗಿದೆ.

ಹಣದ ವಿಷಯ. ನಾನು ಒಂದೇ ಅಕೌಂಟ್ ಇಟ್ಟಿದ್ದೇನೆ, ಎರಡನೆಯದಕ್ಕೆ ಕೊಡುವ ಮನಸ್ಸಿಲ್ಲ. ಒಮೆಗಾ ಚಂದಾ 2022ರಲ್ಲಿ ತಿಂಗಳಿಗೆ 14.99 ಡಾಲರ್‌ನಿಂದ 19.99ಕ್ಕೆ ಏರಿತು. ಆ ಏರಿಕೆ ನನಗೆ ಇನ್ನೂ ಕಹಿಯೇ. ಜೇಬಿನಿಂದ ಕೊಡುವ ಬದಲು ಆಟದ ದುಡ್ಡು ಇಸ್ಕ್‌ನಲ್ಲಿ ಪ್ಲೆಕ್ಸ್ ಅನ್ನುವ ಟೋಕನ್ ಕೊಂಡು, 500 ಪ್ಲೆಕ್ಸ್‌ಗೆ ಒಂದು ತಿಂಗಳ ಒಮೆಗಾ ಪಡೆಯಬಹುದು. ನಾನು ಕೆಲವು ಸಲ ಹಾಗೆ ಮಾಡಿದೆ. ಆ ತಿಂಗಳುಗಳಲ್ಲಿ ಕಾರ್ಖಾನೆಯ ಖುಷಿ ಹೋಗಿ ಗುರಿ ಮುಟ್ಟುವ ತಲೆನೋವು ಬಂತು. ಯಾವ ಹಡಗು ಕಟ್ಟಲು ಇಷ್ಟ ಅನ್ನುವುದನ್ನು ಮರೆತು ಯಾವುದರಲ್ಲಿ ಕಾಸು ಹುಟ್ಟುತ್ತದೆ ಅಂತಲೇ ನೋಡುತ್ತಿದ್ದೆ. ಈಗ ಒಂದಷ್ಟು ತಿಂಗಳು ಚಂದಾ ಕೊಟ್ಟು ಆಡುತ್ತೇನೆ, ಆಮೇಲೆ ಬಿಡುತ್ತೇನೆ. ಬ್ಲೂಪ್ರಿಂಟ್‌ಗಳು ಎಲ್ಲೂ ಹೋಗುವುದಿಲ್ಲ, ಅಲ್ವಾ. ನನ್ನ ಅಂಕ ಐದಕ್ಕೆ ಮೂರೂವರೆ. ಜಾಬ್ ಕ್ಯೂ ಬಂದರೆ ನಾಲ್ಕು, ಹಡಗಿನ ಮೇಲೆ ಕಟ್ಟಿದವನ ಹೆಸರು ಬಂದರೆ ಪೂರ್ತಿ ಐದು.

ಹೊಸಬರಿಗೆ: 2016ರಿಂದ ಆಲ್ಫಾ ಅಕೌಂಟ್ ಉಚಿತ, ಅದರಲ್ಲೇ ಶುರು ಮಾಡಿ. ದೊಡ್ಡ ಹಡಗಿನ ಬ್ಲೂಪ್ರಿಂಟ್‌ಗೆ ಕೈ ಹಾಕಬೇಡಿ, ಸಣ್ಣ ಆಂಟಿಮ್ಯಾಟರ್ ಗುಂಡು ಸಾಕು. ಬಂಡೆ ಒಡೆಯಲು ಇಷ್ಟವಿಲ್ಲದಿದ್ದರೆ ಖನಿಜಕ್ಕೆ ಬೈ ಆರ್ಡರ್, ಅಂದರೆ ಇಷ್ಟು ಬೆಲೆಗೆ ಕೊಳ್ಳುತ್ತೇನೆ ಅನ್ನುವ ಬೇಡಿಕೆ, ಹಾಕಿ ಕಾಯಿರಿ. ಮಾರಲು ಜೀಟಾಕ್ಕೆ ಓಡಬೇಡಿ, ಅಲ್ಲಿ ನಿಮ್ಮ ರಾಶಿಯನ್ನು ಯಾರೂ ನೋಡುವುದಿಲ್ಲ. ಮಿಷನ್ ಮಾಡುವವರು ಬಂದು ಹೋಗುವ ಸಣ್ಣ ಸ್ಟೇಷನ್ ಒಂದನ್ನು ಹಿಡಿಯಿರಿ. ಗುಂಡು ಖಾಲಿಯಾದವನು ಅಗ್ಗದ ಗುಂಡಿಗಾಗಿ ಜೀಟಾದವರೆಗೆ ಹೋಗುವುದಿಲ್ಲ, ಸ್ವಲ್ಪ ಜಾಸ್ತಿ ಕೊಟ್ಟಾದರೂ ಅಲ್ಲೇ ಕೊಳ್ಳುತ್ತಾನೆ.