ಬೈಕಿನ ಕ್ರೂಸ್ ಕಂಟ್ರೋಲ್: ಸೊಲ್ಲಾಪುರದ ಹೆದ್ದಾರಿಗಳಲ್ಲಿ ಬಹಳ ದಿನ ಬಳಸಿದ ಮೇಲೆ

ಕ್ರೂಸ್ ಕಂಟ್ರೋಲ್, ಅಂದರೆ ಒಂದು ಗುಂಡಿ ಒತ್ತಿದರೆ ಆಕ್ಸಿಲರೇಟರ್ ಹಿಡಿಯದಿದ್ದರೂ ಗಾಡಿ ಅದೇ ವೇಗದಲ್ಲಿ ಹೋಗುವ ಸೌಲಭ್ಯ, ಇರುವ ಬೈಕು ತಗೊಳ್ಳಲಾ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ನೀವು ಓಡಾಡುವ ದಾರಿಯಲ್ಲಿ ನಡುವೆ ಡಿವೈಡರ್ ಇರುವ ರಸ್ತೆ ಎಷ್ಟಿದೆ? ನನಗಂತೂ ಬೇಕಾದಷ್ಟಿದೆ. ಊರು ಅಕ್ಕಲಕೋಟ ತಾಲ್ಲೂಕು, ಕೆಲಸ ಸೊಲ್ಲಾಪುರ. ತಂಗಿಯನ್ನು ಪುಣೆಗೆ ಕೊಟ್ಟಿದ್ದೇವೆ, ಹೆಂಡತಿಯ ತವರು ಹುಬ್ಬಳ್ಳಿ. ಹಬ್ಬ, ಮದುವೆ, ಸೀಮಂತ ಅಂತ ವರ್ಷವಿಡೀ ಎರಡೂ ದಿಕ್ಕಿಗೆ ಗಾಡಿ ಓಡುತ್ತಲೇ ಇರುತ್ತದೆ. ಈ ಓಡಾಟದಲ್ಲಿ ಆ ಸಣ್ಣ ಗುಂಡಿ ನನಗೆ ಏನು ಕೊಟ್ಟಿತು, ಏನು ಕೊಡಲಿಲ್ಲ ಅನ್ನುವುದನ್ನಷ್ಟೇ ಬರೆಯುತ್ತೇನೆ.

ನನ್ನದು 400 ಸಿಸಿ ಒಳಗಿನ ಸಿಂಗಲ್ ಸಿಲಿಂಡರ್ ಗಾಡಿ. ಕಂಪನಿ ಯಾವುದು ಅನ್ನುವುದು ಇಲ್ಲಿ ಮುಖ್ಯವಲ್ಲ. ಮೊದಲೆಲ್ಲ ಈ ಸೌಲಭ್ಯ ಲಕ್ಷಗಟ್ಟಲೆ ಬೆಲೆಯ ವಿದೇಶಿ ಬೈಕುಗಳಲ್ಲಿ ಮಾತ್ರ ಸಿಗುತ್ತಿತ್ತು. 2023ರಲ್ಲಿ ಟಿವಿಎಸ್ ಅಪಾಚೆ ಆರ್‌ಟಿಆರ್ 310ರಲ್ಲಿ ಬಂತು. 2025ರಲ್ಲಿ ಕೆಟಿಎಂ 390 ಅಡ್ವೆಂಚರ್‌ಗೂ ಬಂತು. ಅದೇ ವರ್ಷ ಹೀರೋದವರು 125 ಸಿಸಿಯ ಗ್ಲಾಮರ್ ಎಕ್ಸ್‌ನಲ್ಲೂ ಕೊಟ್ಟುಬಿಟ್ಟರು. ಹೀಗೆ ಅಗ್ಗವಾಗುವುದಕ್ಕೆ ಕಾರಣ ಇದೆ. ಈಗಿನ ಹಲವು ಗಾಡಿಗಳಲ್ಲಿ ಆಕ್ಸಿಲರೇಟರ್‌ಗೆ ಕೇಬಲ್ ಇಲ್ಲ. ನಾವು ತಿರುಗಿಸುವುದು ಬರೀ ಒಂದು ಸೆನ್ಸರ್. ಅದನ್ನು ಓದಿಕೊಂಡು ಇಸಿಯು (ಇಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್) ಒಂದು ಪುಟ್ಟ ಮೋಟರಿನಿಂದ ಥ್ರಾಟಲ್, ಅಂದರೆ ಇಂಜಿನ್‌ಗೆ ಗಾಳಿ ಬಿಡುವ ಬಾಗಿಲು, ತೆರೆಯುತ್ತದೆ. ಚಕ್ರ ಎಷ್ಟು ವೇಗದಲ್ಲಿ ತಿರುಗುತ್ತಿದೆ ಅಂತ, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಯಲ್ಲಿ ಅದರ ಸೆನ್ಸರ್ ಹೇಗೂ ಹೇಳುತ್ತಿರುತ್ತದೆ. ಇನ್ನು ಬೇಕಾಗುವುದು ಒಂದೆರಡು ಗುಂಡಿ, ಒಂದಿಷ್ಟು ಸಾಫ್ಟ್‌ವೇರ್.

ಬಳಸುವುದು ಸುಲಭ. ಬೇಕಾದ ವೇಗಕ್ಕೆ ಬಂದ ಮೇಲೆ ಎಡಗೈ ಹೆಬ್ಬೆರಳಿನಿಂದ ಸೆಟ್ ಒತ್ತಬೇಕು. ನನ್ನ ಗಾಡಿಯಲ್ಲಿ ಕೆಳಗಿನ ಗೇರಿನಲ್ಲಿ ಸೆಟ್ ಆಗುವುದಿಲ್ಲ, ಅದು ಒಳ್ಳೆಯದೇ. ಬ್ರೇಕ್ ಮುಟ್ಟಿದರೆ, ಕ್ಲಚ್ ಹಿಡಿದರೆ, ಆಕ್ಸಿಲರೇಟರನ್ನು ಮುಂದಕ್ಕೆ ತಿರುಗಿಸಿ ಪೂರ್ತಿ ಮುಚ್ಚಿದರೆ ಕ್ಯಾನ್ಸಲ್. ಹೊಸಬರಿಗೆ ಹೇಳುವುದಿಷ್ಟೇ: ಮೊದಲು ಖಾಲಿ ರಸ್ತೆಯಲ್ಲಿ ಈ ಮೂರೂ ರೀತಿಯಲ್ಲಿ ಕ್ಯಾನ್ಸಲ್ ಮಾಡಿ ನೋಡಿ. ಅಭ್ಯಾಸ ಬೇಕಾಗಿರುವುದು ಬಿಡಿಸುವುದಕ್ಕೆ.

ಸೊಲ್ಲಾಪುರದಿಂದ ವಿಜಯಪುರಕ್ಕೆ ಹೋಗುವ 52ನೇ ನಂಬರ್ ಹೆದ್ದಾರಿ ನೋಡಿದವರಿಗೆ ಗೊತ್ತು. 2021ರ ಫೆಬ್ರುವರಿಯಲ್ಲಿ ಇದೇ ರಸ್ತೆಯ 25.54 ಕಿಲೋಮೀಟರ್ ಉದ್ದದ ಒಂದು ಪಥಕ್ಕೆ 18 ಗಂಟೆಯಲ್ಲಿ ಡಾಂಬರು ಹಾಕಿ ಸುದ್ದಿ ಮಾಡಿದ್ದರು. ಟಾಕಳಿ ಹತ್ತಿರ ಭೀಮಾ ನದಿ ದಾಟಿದರೆ ಧೂಳಖೇಡ, ಅಲ್ಲಿಂದ ಕರ್ನಾಟಕ. ಮುಂದೆ ಝಳಕಿ, ಹೊರ್ತಿ. ಸುತ್ತ ಬಯಲು, ಜೋಳದ ಹೊಲ, ದ್ರಾಕ್ಷಿ ತೋಟ, ನೆಟ್ಟಗೆ ಹೋಗುವ ರಸ್ತೆ. ಇಂಥ ಕಡೆ ವೇಗ ನಮಗೆ ಗೊತ್ತಿಲ್ಲದೆಯೇ ಏರುತ್ತದೆ. ಎಂಬತ್ತರಲ್ಲಿ ಹೊರಟವನು ಹತ್ತು ನಿಮಿಷ ಬಿಟ್ಟು ಮೀಟರ್ ನೋಡಿದರೆ ತೊಂಬತ್ತೈದು. ಛೆ ಅಂತ ಇಳಿಸಿದರೆ ಎಪ್ಪತ್ತೆರಡು. ಯಾರಾದರೂ ಓವರ್‌ಟೇಕ್ ಮಾಡಿದರಂತೂ ಕೈ ತಾನಾಗೇ ತಿರುಗುತ್ತದೆ. ಕ್ರೂಸ್‌ನಿಂದ ನನಗಾದ ದೊಡ್ಡ ಲಾಭ ಇಲ್ಲೇ ಇದೆ. ಎಷ್ಟರಲ್ಲಿ ಹೋಗಬೇಕು ಅನ್ನುವುದನ್ನು ಹೊರಡುವಾಗಲೇ ತಲೆ ತಣ್ಣಗಿದ್ದಾಗ ತೀರ್ಮಾನಿಸುತ್ತೇನೆ. ದಾರಿಯಲ್ಲಿ ಹುಮ್ಮಸ್ಸು ಬಂದಾಗ ಅದು ಬದಲಾಗುವುದಿಲ್ಲ. ಕಂಪನಿಗಳು ಇದನ್ನು ಆರಾಮದ ವಸ್ತು ಅಂತ ಮಾರುತ್ತವೆ. ನಾನು ಬಳಸುವುದು ಕೈಗೆ ಕಟ್ಟಿದ ಮೂಗುದಾರದ ಹಾಗೆ.

ಈ ಲಾಭ ಮೊದಲು ಗೊತ್ತಾಗಿದ್ದು ನನಗಲ್ಲ, ಹಿಂದೆ ಕೂರುವ ಹೆಂಡತಿಗೆ. ಇತ್ತೀಚೆಗೆ ಹೆಲ್ಮೆಟ್ಟಿಗೆ ಹೆಲ್ಮೆಟ್ ಬಡಿಯುವುದೇ ಇಲ್ಲವಲ್ಲ ಅಂದಳು. ಹಿಂದೆ ಕೂತವರಿಗೆ ವೇಗದ ಏರಿಳಿತ ಓಡಿಸುವವರಿಗಿಂತ ಜಾಸ್ತಿ ತಿಳಿಯುತ್ತದೆ. ಅಂದಹಾಗೆ, ಕ್ರೂಸ್ ಕಂಟ್ರೋಲ್ ಕಂಡುಹಿಡಿದ ಅಮೆರಿಕದ ಇಂಜಿನಿಯರ್ ರಾಲ್ಫ್ ಟೀಟರ್‌ಗೆ ಕಣ್ಣು ಕಾಣುತ್ತಿರಲಿಲ್ಲ. ಜೀವಮಾನವಿಡೀ ಬೇರೆಯವರು ಓಡಿಸುವ ಕಾರಿನಲ್ಲಿ ಕೂತ ಮನುಷ್ಯ. 1950ರಲ್ಲಿ ಪೇಟೆಂಟ್ ಸಿಕ್ಕಿತು, 1958ರ ಕ್ರೈಸ್ಲರ್ ಕಾರುಗಳಲ್ಲಿ ಮೊದಲು ಬಂತು. ಪಕ್ಕದಲ್ಲಿ ಕೂತವನ ಸಂಕಟದಿಂದ ಹುಟ್ಟಿದ ವಸ್ತು ಅನ್ನಿ.

ಸರಿ, ಎಷ್ಟಕ್ಕೆ ಸೆಟ್ ಮಾಡಬೇಕು? ನಾನು ಎಂಬತ್ತು. ಕೇಂದ್ರ ಸರ್ಕಾರ 2018ರಲ್ಲಿ ನಿಗದಿ ಮಾಡಿದಂತೆ ನಾಲ್ಕು ಪಥದ ಹೆದ್ದಾರಿಯಲ್ಲಿ ಬೈಕಿಗೆ ಗರಿಷ್ಠ ವೇಗ ಎಂಬತ್ತೇ. ಕಾರಿಗೆ ಅಲ್ಲಿ ನೂರು. ಕಾನೂನು ಇರಲಿ, ಲೆಕ್ಕ ಹಾಕಿ ನೋಡಿ. ಸೊಲ್ಲಾಪುರದಿಂದ ಪುಣೆ ಸುಮಾರು 250 ಕಿಲೋಮೀಟರ್. ಮೋಹೋಳ, ಟೆಂಭುರ್ಣಿ, ಇಂದಾಪುರ, ಭಿಗವಣ, ಯವತ ಅಂತ ಊರುಗಳು, ಸರ್ವಿಸ್ ರಸ್ತೆಗಳು, ಪುಣೆಯ ಟ್ರಾಫಿಕ್ ಎಲ್ಲ ಕಳೆದರೆ ಒಂದೇ ಸಮ ಓಡಿಸಲು ಸಿಗುವುದು 160 ಕಿಲೋಮೀಟರ್ ಅಂದುಕೊಳ್ಳಿ. ಎಂಬತ್ತರಲ್ಲಿ ಅದಕ್ಕೆ ಎರಡು ಗಂಟೆ. ನೂರರಲ್ಲಿ 96 ನಿಮಿಷ. ಉಳಿಯುವುದು 24 ನಿಮಿಷ. ಭಿಗವಣದಲ್ಲಿ ಮೀನಿನ ಊಟಕ್ಕೆ ನಿಲ್ಲಿಸಿದರೆ ಅದಕ್ಕಿಂತ ಜಾಸ್ತಿ ಹೊತ್ತು ಹೋಗುತ್ತದೆ.

ಆ 24 ನಿಮಿಷಕ್ಕೆ ಕೊಡಬೇಕಾದದ್ದು ಮಾತ್ರ ಕಡಿಮೆಯಲ್ಲ. ಗಾಳಿಯ ಒತ್ತಡ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ಎಂಬತ್ತರಿಂದ ನೂರಕ್ಕೆ ಹೋದರೆ ಗಾಳಿ ಒಂದೂವರೆ ಪಟ್ಟಿಗಿಂತ ಜಾಸ್ತಿ ತಳ್ಳುತ್ತದೆ. ಅದನ್ನು ಸೀಳಿಕೊಂಡು ಹೋಗಲು ಇಂಜಿನ್ ಹೆಚ್ಚುಕಡಿಮೆ ಎರಡು ಪಟ್ಟು ದುಡಿಯಬೇಕು. ಬೈಕಿನಲ್ಲಿ ನಾವೇ ಎದೆಯೊಡ್ಡಿ ಕೂತಿರುತ್ತೇವಲ್ಲ, ಪೆಟ್ರೋಲಿನಲ್ಲೂ ಗೊತ್ತಾಗುತ್ತದೆ, ಕತ್ತಿನಲ್ಲೂ ಗೊತ್ತಾಗುತ್ತದೆ. ನನ್ನ ಗಾಡಿ ಎಂಬತ್ತರಲ್ಲಿ ಲೀಟರಿಗೆ ಮೂವತ್ತರ ಮೇಲೆ ಕೊಡುತ್ತದೆ. ನೂರರಲ್ಲಿ ಇಪ್ಪತ್ತೈದರ ಆಸುಪಾಸು. ಇನ್ನೊಂದು: ಎಂಬತ್ತರಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ನೂರರಲ್ಲಿ ಸುಮಾರು 28. ಡಿವೈಡರ್ ಸಂದಿಯಿಂದ ಎಮ್ಮೆ ತಲೆ ಹಾಕಿದಾಗ, ಬ್ರೇಕ್ ಹಿಡಿಯಬೇಕು ಅಂತ ಹೊಳೆಯುವಷ್ಟರಲ್ಲೇ ಆ ಆರು ಮೀಟರ್ ಹೋಗಿರುತ್ತದೆ.

ಮೀಟರ್ ಬಗ್ಗೆಯೂ ಒಂದು ಮಾತು. ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಸ್ವಲ್ಪ ಜಾಸ್ತಿ ತೋರಿಸುವಂತೆಯೇ ಇರುತ್ತದೆ. ಮೊಬೈಲ್ ಜಿಪಿಎಸ್‌ನಲ್ಲಿ ಎಂಬತ್ತು ಇದ್ದಾಗ ನನ್ನ ಮೀಟರಿನಲ್ಲಿ 84. ಸಮತಟ್ಟಾದ ರಸ್ತೆಯಲ್ಲಿ ಒಮ್ಮೆ ಹೋಲಿಸಿಕೊಂಡರೆ ಸಾಕು.

ಕೈಗೆ ಆರಾಮ ಸಿಗುತ್ತದಾ? ಸಿಗುತ್ತದೆ, ಆದರೆ ಅಂದುಕೊಂಡಷ್ಟಲ್ಲ. ಗಂಟೆಗಟ್ಟಲೆ ಆಕ್ಸಿಲರೇಟರ್ ತಿರುಗಿಸಿ ಹಿಡಿದು ಬಲಗೈ ಮಣಿಕಟ್ಟು ನೋಯುವುದು ನಿಂತಿತು. ಬೆರಳು ಬಿಚ್ಚಿ, ಮಡಚಿ ಮಾಡಬಹುದು. ಆದರೆ ಜೋಮು ಪೂರ್ತಿ ಹೋಗಲಿಲ್ಲ. ಸಿಂಗಲ್ ಸಿಲಿಂಡರ್ ಇಂಜಿನ್‌ಗಳಿಗೆ ಯಾವುದೋ ಒಂದು ಆರ್‌ಪಿಎಂನಲ್ಲಿ (ಇಂಜಿನ್ ತಿರುಗುವ ವೇಗದಲ್ಲಿ) ಹ್ಯಾಂಡಲ್ ನಡುಗುವ ಚಾಳಿ. ಕೈಯಲ್ಲಿ ಓಡಿಸುವಾಗ ಆ ಜಾಗ ಬಂದು ಹೋಗುತ್ತಿರುತ್ತದೆ. ಕ್ರೂಸ್ ಹಾಕಿ ಸರಿಯಾಗಿ ಅಲ್ಲೇ ನಿಲ್ಲಿಸಿದರೆ ಒಂದು ಗಂಟೆ ಅದೇ ನಡುಕ. ಆಗ ಮೈನಸ್ ಒತ್ತಿ ನಾಲ್ಕೈದು ಕಿಲೋಮೀಟರ್ ಇಳಿಸಿ ನೋಡಿ, ಬಹಳ ವ್ಯತ್ಯಾಸ ಆಗುತ್ತದೆ.

ಏರು ಬಂದರೆ ಇದು ತಾನಾಗೇ ಥ್ರಾಟಲ್ ಜಾಸ್ತಿ ಮಾಡುತ್ತದೆ. ಎದುರುಗಾಳಿಗೂ ಅಷ್ಟೇ. ಆಷಾಢದಲ್ಲಿ ನಮ್ಮ ಬಯಲಿನ ಗಾಳಿ ಗೊತ್ತಲ್ವಾ, ಕೈಯಲ್ಲಿ ಓಡಿಸಿದರೆ ಗಾಳಿಯ ಜೋರು ಅಂಗೈಗೆ ತಿಳಿಯುತ್ತದೆ. ಕ್ರೂಸ್‌ನಲ್ಲಿ ಅದು ತಿಳಿಯುವುದು ಪೆಟ್ರೋಲ್ ಬಂಕಿನಲ್ಲಿ. ಇಳಿಜಾರಿನಲ್ಲಿ ಮಾತ್ರ ಇದರ ಕೈ ಕಟ್ಟಿರುತ್ತದೆ. ಥ್ರಾಟಲ್ ಪೂರ್ತಿ ಮುಚ್ಚುವುದು ಬಿಟ್ಟು ಅದಕ್ಕೆ ಬೇರೇನೂ ಬರುವುದಿಲ್ಲ, ಬ್ರೇಕ್ ಹಾಕುವುದಿಲ್ಲ. ಎಂಬತ್ತಕ್ಕೆ ಸೆಟ್ ಮಾಡಿದ ಗಾಡಿ ಇಬ್ಬರನ್ನು ಹೊತ್ತು ಇಳಿಯುವಾಗ ಎಂಬತ್ತಾರು ಎಂಬತ್ತೇಳಕ್ಕೆ ಹೋಗುತ್ತದೆ. ಇನ್ನು, ಸಮತಟ್ಟಾದ ರಸ್ತೆಯಲ್ಲೇ ಗಾಡಿ ಸಣ್ಣಗೆ ಜಗ್ಗಾಡುತ್ತಿದ್ದರೆ ಮೊದಲು ಚೈನ್ ನೋಡಿ. ಕ್ರೂಸ್ ಥ್ರಾಟಲನ್ನು ಚೂರುಚೂರೇ ತೆರೆದು ಮುಚ್ಚುತ್ತಿರುತ್ತದೆ. ಚೈನ್ ಸಡಿಲ ಇದ್ದರೆ ಪ್ರತಿ ಸಲ ಒಂದು ಎಳೆತ. ನನಗೆ ಇದನ್ನು ಹೇಳಿಕೊಟ್ಟಿದ್ದು ಸೊಲ್ಲಾಪುರದ ಒಬ್ಬ ಮೆಕ್ಯಾನಿಕ್. ಮನೆಯಲ್ಲಿ ತೆಲುಗು, ಗ್ಯಾರೇಜಿನಲ್ಲಿ ಮರಾಠಿ, ನನ್ನ ಹತ್ತಿರ ಕನ್ನಡ. ಬೈಗುಳ ಮಾತ್ರ ಮೂರೂ ಸೇರಿಸಿ.

ಎಲ್ಲಿ ನಾನು ಗುಂಡಿ ಮುಟ್ಟುವುದೇ ಇಲ್ಲ ಅಂತಲೂ ಹೇಳಬೇಕು. ಕಾರ್ಖಾನೆ ಸೀಜನ್ನಿನಲ್ಲಿ ಸಂಜೆ ಮೇಲೆ ಕ್ರೂಸ್ ಬಂದ್. ಸೊಲ್ಲಾಪುರ ಜಿಲ್ಲೆ ಅಂದರೆ ಸಕ್ಕರೆ ಕಾರ್ಖಾನೆಗಳ ಜಿಲ್ಲೆ. ದೀಪಾವಳಿಯ ಆಚೀಚೆ ಶುರುವಾದರೆ ಚಳಿಗಾಲವೆಲ್ಲ ಕಬ್ಬಿನ ಟ್ರ್ಯಾಕ್ಟರುಗಳು. ಒಂದರ ಹಿಂದೆ ಇನ್ನೊಂದು ಟ್ರೇಲರ್, ಎರಡೂ ಕಡೆ ಚಾಚಿಕೊಂಡ ಕಬ್ಬು, ಹಿಂದೆ ಕೆಂಪು ದೀಪ ಇರಬಹುದು, ಇಲ್ಲದೆಯೂ ಇರಬಹುದು. ಹಾಡು ಮಾತ್ರ ಎರಡು ಊರಿಗೆ ಕೇಳುವಷ್ಟು. ಇಪ್ಪತ್ತರ ವೇಗದಲ್ಲಿ ಹೋಗುವ ಅದನ್ನು ಎಂಬತ್ತರಲ್ಲಿ ಹಿಂದಿನಿಂದ ಸಮೀಪಿಸುವಾಗ ಕ್ರೂಸ್‌ಗೆ ಏನೂ ಕಾಣುವುದಿಲ್ಲ, ಅದು ಎಂಬತ್ತರಲ್ಲೇ ಹೋಗುತ್ತದೆ. ಆಷಾಢದಲ್ಲಿ ಪಂಢರಪುರದ ದಿಂಡಿಗಳು (ವಿಠ್ಠಲನ ಭಕ್ತರ ಪಾದಯಾತ್ರೆಯ ತಂಡಗಳು) ನಡೆಯುವ ದಿನಗಳಲ್ಲಿ ಪುಣೆ ರಸ್ತೆಯ ಕೆಲವು ಭಾಗದಲ್ಲಿ ನಡೆಯುವವರೇ ಜಾಸ್ತಿ, ಆಗಂತೂ ಯೋಚನೆಯೇ ಬೇಡ. ಮಳೆಯಲ್ಲೂ ಬೇಡ. ನಿಂತ ನೀರಿಗೆ ಟೈರ್ ಹೋದಾಗ ಥ್ರಾಟಲ್ ನಮ್ಮ ಕೈಯಲ್ಲೇ ಇರಬೇಕು.

ವಿಜಯಪುರ ದಾಟಿ ಹುಬ್ಬಳ್ಳಿ ಕಡೆ ಹೊರಟರೆ ಕಥೆ ಬೇರೆ. ಕೊಲ್ಹಾರದ ಉದ್ದನೆಯ ಕೃಷ್ಣಾ ಸೇತುವೆ ಮೇಲೆ ಅಡ್ಡಗಾಳಿ. ಆಮೇಲೆ ಕೆರೂರ, ನರಗುಂದ, ನವಲಗುಂದ ಅಂತ ಲಾರಿ ಹಿಂದೆ ಲಾರಿ. ಓವರ್‌ಟೇಕ್ ಮಾಡುವಾಗ ಎದುರಿನದನ್ನು ಅಂದಾಜು ಮಾಡಬೇಕು, ಗೇರ್ ಇಳಿಸಬೇಕು. ಐದು ನಿಮಿಷಕ್ಕೊಮ್ಮೆ ಸೆಟ್, ಕ್ಯಾನ್ಸಲ್ ಮಾಡುತ್ತಾ ಕೂರುವುದಕ್ಕಿಂತ ಸುಮ್ನೆ ಕೈಯಲ್ಲೇ ಓಡಿಸುವುದು ವಾಸಿ. ಅಕ್ಕಲಕೋಟದ ಹಳ್ಳಿ ರಸ್ತೆಗಳ ಬಗ್ಗೆ ಹೇಳುವುದೇ ಬೇಡ. ರಾಶಿಯ ಕಾಲದಲ್ಲಿ ರಸ್ತೆ ಮೇಲೇ ಕಾಳು ಹರಡಿರುತ್ತದೆ.

ನಿದ್ದೆ ಬರುತ್ತದಾ ಅಂತ ಕೇಳುತ್ತಾರೆ. ನಿದ್ದೆ ಅನ್ನುವುದಕ್ಕಿಂತ ಮನಸ್ಸು ಎಲ್ಲೋ ಹೋಗುತ್ತದೆ. ಕೈಗೆ ಕೆಲಸವಿಲ್ಲ, ಇಂಜಿನ್ ಸದ್ದು ಒಂದೇ ಸಮ, ಮುಂದೆ ನೆಟ್ಟಗಿನ ರಸ್ತೆ. ಮಧ್ಯಾಹ್ನ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಗಟ್ಟಿಯಾಗಿ ಹೊಡೆದು ಹೊರಟರೆ ಇದು ನಿಜಕ್ಕೂ ಅಪಾಯ. ಊಟದ ನಂತರದ ಮೊದಲ ಗಂಟೆ ನಾನು ಕೈಯಲ್ಲೇ ಓಡಿಸುತ್ತೇನೆ. ಕ್ರೂಸ್ ಇದ್ದಾಗಲೂ ಬಲಗೈ ಎರಡು ಬೆರಳು ಬ್ರೇಕ್ ಲಿವರ್ ಮೇಲೇ ಇರುತ್ತವೆ. ಎರಡೂ ಕೈ ಬಿಟ್ಟು ವಿಡಿಯೊ ಮಾಡುವ ಹುಡುಗರನ್ನು ಕಂಡರೆ ನನಗೆ ಕೆನ್ನೆಗೆ ಬಾರಿಸಬೇಕು ಅನ್ನಿಸುತ್ತದೆ.

ದೂರುಗಳೂ ಇವೆ. ರೆಸ್ಯೂಮ್ (ಕ್ಯಾನ್ಸಲ್ ಮಾಡುವ ಮೊದಲಿನ ವೇಗಕ್ಕೆ ಮತ್ತೆ ಒಯ್ಯುವ ಗುಂಡಿ) ಒತ್ತಿದರೆ ಗಾಡಿ ಮುನ್ನುಗ್ಗುವ ರೀತಿ ನನಗೆ ಹಿಡಿಸುವುದಿಲ್ಲ. ಐವತ್ತಕ್ಕೆ ಇಳಿದು ಒತ್ತಿದರೆ ಎಂಬತ್ತಕ್ಕೆ ಓಡಿಹೋಗುವ ಅವಸರ. ಕೈಯಲ್ಲೇ ಎಪ್ಪತ್ತೈದಕ್ಕೆ ತಂದು ಆಮೇಲೆ ಒತ್ತುತ್ತೇನೆ. ಚಳಿಗಾಲದ ದಪ್ಪ ಗ್ಲೌಸ್ ಹಾಕಿಕೊಂಡರೆ ಪ್ಲಸ್ ಯಾವುದು ಮೈನಸ್ ಯಾವುದು ತಿಳಿಯದು.

ಕ್ರೂಸ್ ಇಲ್ಲದ ಗಾಡಿ ಇದ್ದವರು ಆಕ್ಸಿಲರೇಟರನ್ನು ಬಿಗಿದು ನಿಲ್ಲಿಸುವ ಕ್ಲಿಪ್ ಹಾಕಿಸುವುದುಂಟು. ಅದು ವೇಗ ಕಾಯುವುದಿಲ್ಲ, ಥ್ರಾಟಲನ್ನು ಇದ್ದಲ್ಲೇ ಹಿಡಿದಿರುತ್ತದೆ, ಅಷ್ಟೇ. ಬ್ರೇಕ್ ಹಿಡಿದರೂ ಬಿಡುವುದಿಲ್ಲ. ಅದರ ಬದಲು ಅಂಗೈ ಊರುವ ಪ್ಲಾಸ್ಟಿಕ್ ಪಟ್ಟಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಮಣಿಕಟ್ಟಿನ ನೋವಿಗೆ ಅದೇ ಸಾಕು. ಡುಕಾಟಿ ಮಲ್ಟಿಸ್ಟ್ರಾಡಾ ವಿ4ನಲ್ಲಿ ಬಂದಂಥ ರೇಡಾರ್ ಕ್ರೂಸ್ ಮುಂದಿನ ವಾಹನ ನೋಡಿ ತಾನೇ ನಿಧಾನ ಮಾಡುತ್ತದೆ. ಅದರ ಬೆಲೆಗೆ ನಮ್ಮ ಕಡೆ ಒಂದು ಟ್ರ್ಯಾಕ್ಟರ್ ಬರುತ್ತದೆ, ಟ್ರೇಲರ್ ಸಮೇತ.

ಕೊನೆಗೆ, ಒಂದು ದಿನ ಇದ್ದಕ್ಕಿದ್ದಂತೆ ಕ್ರೂಸ್ ಸೆಟ್ ಆಗುವುದೇ ನಿಂತರೆ ಗಾಬರಿಯಾಗಬೇಡಿ. ನನ್ನದು ಹೀಗಾದಾಗ ಒಂದು ಸರ್ವಿಸ್ ಸೆಂಟರಿನಲ್ಲಿ ಎಡಗಡೆಯ ಇಡೀ ಸ್ವಿಚ್ ಬದಲಿಸಬೇಕು ಅಂತ ದೊಡ್ಡ ಬಿಲ್ ಹೇಳಿದರು. ನಮ್ಮ ಮೂರು ಭಾಷೆಯ ಮೆಕ್ಯಾನಿಕ್ ಹಿಂದಿನ ದೀಪ ನೋಡಿದ. ಬ್ರೇಕ್ ಹಿಡಿಯದಿದ್ದರೂ ಬ್ರೇಕ್ ಲೈಟ್ ಉರಿಯುತ್ತಿತ್ತು. ಕಾಲಿನ ಬ್ರೇಕಿನ ಸ್ವಿಚ್ಚಿನಲ್ಲಿ ಮಣ್ಣು ಕೂತು ಸಿಕ್ಕಿಕೊಂಡಿತ್ತು. ಬ್ರೇಕ್ ಹಿಡಿದಿದ್ದಾರೆ ಅಂದುಕೊಂಡು ಇಸಿಯು ಕ್ರೂಸ್ ಸೆಟ್ ಆಗಲು ಬಿಡುತ್ತಿರಲಿಲ್ಲ. ಸ್ವಲ್ಪ ಸ್ಪ್ರೇ ಹೊಡೆದು ಒರೆಸಿದ, ಸರಿಹೋಯಿತು. ಚಹಾದ ದುಡ್ಡೂ ಅವನೇ ಕೊಟ್ಟ.