ಪಾರ್ಕಿನ ಓಪನ್ ಜಿಮ್: ಮೂರು ಯಂತ್ರ ಸಾಕು, ಒಂದು ಶೌಚಾಲಯ ಬೇಕು

ಮೈಸೂರಿನ ಪಾರ್ಕುಗಳಲ್ಲಿ ಬಣ್ಣ ಬಳಿದ ಕಬ್ಬಿಣದ ವ್ಯಾಯಾಮ ಯಂತ್ರಗಳು ಈಗ ಹೊಸತೇನಲ್ಲ. ಕುವೆಂಪುನಗರದ ನಿವೃತ್ತರಿಗೆ ಅವು ಹೇಗೆ ಎಂಬುದು ಬೇರೆ ಮಾತು. ಇಲ್ಲಿ ತೂಗಿ ನೋಡಿರುವುದು ಉದಯಗಿರಿ, ರಾಜೀವನಗರ, ಶಾಂತಿನಗರದ ಕಡೆಯ ಮುಸ್ಲಿಂ ಹೆಂಗಸರ ಲೆಕ್ಕದಲ್ಲಿ: ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುವವರು, ಮಣೆಯ ಮುಂದೆ ಬಗ್ಗಿ ಊದುಬತ್ತಿ ಹೊಸೆಯುವವರು, ಅವರಲ್ಲೂ ಶುಗರ್, ಬಿಪಿ ಮಾತ್ರೆ ಶುರುವಾದವರು. ಕುಕ್ಕರಹಳ್ಳಿ ಕೆರೆ ಸುತ್ತ ವಾಕಿಂಗ್ ಹೋಗಿ ಅಂತ ಡಾಕ್ಟರು ಹೇಳಿಬಿಡಬಹುದು. 2023ರಲ್ಲಿ ಶಕ್ತಿ ಯೋಜನೆ ಬಂದಮೇಲೆ ಬಸ್ಸಿಗೆ ದುಡ್ಡು ಬೇಡ, ನಿಜ. ಆದರೆ ಸಾವಿರ ಬೀಡಿಗೆ ಇಷ್ಟು ಅಂತ ಕೂಲಿ ಸಿಗುವಲ್ಲಿ, ಹೋಗಿಬರುವ ಹೊತ್ತಿಗೂ ಬೆಲೆಯಿದೆ. ಮನೆ ಪಕ್ಕದ ಪಾರ್ಕೇ ಗತಿ.

ಎಲ್ಲರೂ ಮೊದಲು ಹತ್ತುವುದು ಏರ್ ವಾಕರ್, ಅಂದರೆ ಎರಡು ಪೆಡಲ್ ಮೇಲೆ ನಿಂತು ಕಾಲು ಬೀಸುವ ಯಂತ್ರ. ಖುಷಿ ಜಾಸ್ತಿ, ಉಪಯೋಗ ಕಡಿಮೆ. ಒಮ್ಮೆ ಕಾಲು ಬೀಸಿದರೆ ಉಯ್ಯಾಲೆಯ ಹಾಗೆ ತಾನೇ ಓಡುತ್ತದೆ. ಸ್ನಾಯುವಿಗೆ ಹೆಚ್ಚು ಕೆಲಸವಿಲ್ಲ, ಉಸಿರೂ ಅಷ್ಟಾಗಿ ಏರುವುದಿಲ್ಲ. ಪೂರ್ತಿ ನಿಲ್ಲುವ ಮೊದಲೇ ಇಳಿಯಹೋದರೆ ಇನ್ನೊಂದು ಪೆಡಲ್ ಬಂದು ಮುಂಗಾಲಿನ ಮೂಳೆಗೆ ಬಡಿಯುತ್ತದೆ. ಬುರ್ಖಾದ ಅಂಚು, ಸೀರೆ ನೆರಿಗೆ ಸಿಕ್ಕಿಕೊಳ್ಳುವುದೂ ಇಲ್ಲೇ. ಅಂಚನ್ನು ಮಂಡಿಯ ಹತ್ತಿರಕ್ಕೆ ಎತ್ತಿ ಪಿನ್ ಹಾಕಿಕೊಂಡು, ಒಳಗೆ ಸಲ್ವಾರ್ ತೊಟ್ಟು ಹತ್ತಬೇಕು. ಸೊಂಟ ತಿರುಗಿಸುವ ಟ್ವಿಸ್ಟರನ್ನು ಬೆನ್ನುನೋವು, ಮಂಡಿನೋವು ಇರುವವರು ಬಿಟ್ಟುಬಿಡಿ.

ನಿಜವಾದ ಕೆಲಸ ಕೊಡುವುದು ಲೆಗ್ ಪ್ರೆಸ್. ಕುಳಿತು ಪಾದದಿಂದ ಒತ್ತಿದರೆ ಆಸನ ಹಿಂದಕ್ಕೆ ಸರಿದು ಮೇಲೇಳುತ್ತದೆ. ತೊಡೆಯ ದೊಡ್ಡ ಸ್ನಾಯು ದುಡಿದಷ್ಟೂ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಬೆರಳಿನಿಂದಲ್ಲ, ಹಿಮ್ಮಡಿಯಿಂದ ಒತ್ತಿ. ಕಾಲು ಚಾಚಿದಾಗ ಮಂಡಿಯನ್ನು ಪೂರ್ತಿ ಬಿಗಿಯಬೇಡಿ. ಒತ್ತುವಾಗ ಉಸಿರು ಬಿಡಿ. ಉಸಿರು ಕಟ್ಟಿ ತಿಣುಕಿದರೆ ಬಿಪಿ ಜಿಗಿಯುತ್ತದೆ. 10 ಸಲ, ಒಂದು ನಿಮಿಷ ಬಿಡುವು, ಮತ್ತೆ 10. ಇದರ ದೊಡ್ಡ ದೋಷ ವಿನ್ಯಾಸದ್ದು: ಭಾರ ಹೆಚ್ಚು ಕಡಿಮೆ ಮಾಡುವ ತಿರುಪೇ ಇಲ್ಲ, ಕುಳಿತವರ ಮೈತೂಕವೇ ಭಾರ. 80 ಕಿಲೋ ಇರುವವರು 50 ಕಿಲೋದವರಿಗಿಂತ ಹೆಚ್ಚು ಒತ್ತಬೇಕು. ಅಭ್ಯಾಸವಿಲ್ಲದ ಭಾರಿ ಮೈಯವರಿಗೇ ಮೊದಲ ದಿನ ಕಷ್ಟ! ಎರಡು ವಾರ ಅರ್ಧ ದೂರ ಮಾತ್ರ ಒತ್ತಿದರೆ ಸರಿಹೋಗುತ್ತದೆ.

ಕೂತು ಹಿಡಿಕೆಯನ್ನು ಕೆಳಗೆ ಎಳೆಯುವ ಕುರ್ಚಿಯೂ ಒಳ್ಳೆಯದು. ದಿನವಿಡೀ ಮುಂದಕ್ಕೆ ಬಾಗಿದ ಬೆನ್ನು, ಭುಜದ ಹಿಂಭಾಗಕ್ಕೆ ಹೇಳಿಮಾಡಿಸಿದ್ದು. ಕೈಯಿಂದ ತಿರುಗಿಸುವ ಭುಜದ ಚಕ್ರವನ್ನು ನಿರ್ಲಕ್ಷಿಸಬೇಡಿ. ಶುಗರ್ ಇರುವವರಲ್ಲಿ ಭುಜ ಹಿಡಿದುಕೊಳ್ಳುವುದು ಉಳಿದವರಿಗಿಂತ ಹೆಚ್ಚು. ನೋವು ಶುರುವಾಗುವ ಜಾಗದಲ್ಲಿ ನಿಲ್ಲಿಸಿ, ಸಣ್ಣ ಸುತ್ತಿನಿಂದ ದೊಡ್ಡದಕ್ಕೆ ಹೋಗಿ.

ಈ ಮೂರನ್ನು ವಾರಕ್ಕೆ ಎರಡು ದಿನ ಮಾಡಿದರೆ ಸಾಕು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ವಾರದ ಕನಿಷ್ಠ 150 ನಿಮಿಷದ ಚಟುವಟಿಕೆ ಯಂತ್ರದಿಂದ ತುಂಬುವುದಿಲ್ಲ, ಪಾರ್ಕಿನ ಸುತ್ತ ನಡಿಗೆಯಿಂದಲೇ ತುಂಬಬೇಕು. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅದೇ ವೇಗ. ಊಟವಾದ ಮೇಲೆ 10 ನಿಮಿಷ ಗಲ್ಲಿಯಲ್ಲೇ ಓಡಾಡಿದರೂ ಲೆಕ್ಕಕ್ಕೆ ಬರುತ್ತದೆ.

ಶುಗರಿಗೆ ಗ್ಲಿಮೆಪಿರೈಡ್ ಥರದ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಬರಬೇಡಿ. ಶುಗರ್ ತೀರಾ ಇಳಿದು ಕೈ ನಡುಕ, ತಣ್ಣನೆ ಬೆವರು ಬಂದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿದು 15 ನಿಮಿಷ ಕೂರಿ. ಪೊಟ್ಟಣ ಜೇಬಿನಲ್ಲೇ ಇರಲಿ. ರಂಜಾನ್ ಉಪವಾಸದ ಹೊತ್ತಿನಲ್ಲಿ ಯಂತ್ರ ಬೇಡ. ಇಫ್ತಾರ್ ಆದಮೇಲೆ ರಾತ್ರಿಯ ತರಾವೀಹ್ ನಮಾಜ್ ಮಾಡುವವರಿಗೆ ಏಳುವುದು, ಬಾಗುವುದು ಅಷ್ಟೂ ವ್ಯಾಯಾಮವೇ. ಎದೆನೋವು ಬರುವವರು, ಕಣ್ಣಿನ ರಕ್ತನಾಳದಿಂದ ರಕ್ತ ಸೋರಿ ಚಿಕಿತ್ಸೆಯಲ್ಲಿರುವವರು ಮೊದಲು ಡಾಕ್ಟರನ್ನು ಕೇಳಿ.

ನಿರ್ವಹಣೆಗೆ ಅಂಕ ಕಡಿಮೆ. ಗ್ರೀಸ್ ಕಾಣದ ಬೇರಿಂಗ್ ಕಿರುಗುಟ್ಟುತ್ತದೆ, ಬೆಸುಗೆಯ ಜಾಗದಲ್ಲಿ ತುಕ್ಕು ಹಿಡಿಯುತ್ತದೆ. ರಬ್ಬರ್ ತಡೆ ಕಿತ್ತುಹೋದ ಲೆಗ್ ಪ್ರೆಸ್ ಕಬ್ಬಿಣಕ್ಕೆ ಕಬ್ಬಿಣ ಬಡಿದು ಮಂಡಿಗೆ ಪೆಟ್ಟು ಕೊಡುತ್ತದೆ. ಹತ್ತುವ ಮೊದಲು ಕಂಬ ಅಲ್ಲಾಡಿಸಿ ನೋಡಿ. ಬುಡದ ಬೋಲ್ಟ್ ಸಡಿಲವಿದ್ದರೆ ಕೈಗೆ ಗೊತ್ತಾಗುತ್ತದೆ. ಏಪ್ರಿಲ್ ಬಿಸಿಲಿಗೆ ಕಬ್ಬಿಣ ಕಾದಿರುತ್ತದೆ, ಪಾದ ಜೋಮು ಹಿಡಿದವರಿಗೆ ಸುಟ್ಟದ್ದೂ ತಿಳಿಯದು. ಹವಾಯಿ ಚಪ್ಪಲಿ ಬೇಡ, ಬೆರಳು ಮುಚ್ಚುವ ಶೂ ಇರಲಿ. ರಾತ್ರಿ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ.

ಆದರೂ ಹೆಂಗಸರು ಎರಡನೇ ವಾರಕ್ಕೇ ಬಾರದಿರುವುದು ಯಂತ್ರದ ತಪ್ಪಿನಿಂದಲ್ಲ. ಶುಗರ್ ಹೆಚ್ಚಿದ್ದಾಗ ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ, ಪಾರ್ಕಿನ ಶೌಚಾಲಯಕ್ಕೆ ಬೀಗ. ಬೆಳಿಗ್ಗೆ ನಲ್ಲಿ ನೀರು, ಮಕ್ಕಳ ಡಬ್ಬಿ. ಬಿಡುವಾಗುವುದು ಸಂಜೆ, ಆಗ ಯಂತ್ರಗಳ ಮೇಲೆ ಹುಡುಗರು, ದೀಪವಿಲ್ಲ. ದಿನಕ್ಕೆ ಒಂದು ಗಂಟೆ ಹೆಂಗಸರಿಗೆ ಮೀಸಲು, ಆ ಗಂಟೆಗೆ ಶೌಚಾಲಯದ ಬೀಗ ತೆಗೆದಿರುವುದು, ಯಂತ್ರಗಳ ಕಡೆ ಎರಡು ದೀಪ. ವಾರ್ಡಿಗೆ ಅರ್ಜಿ ಕೊಡುವಾಗ ಹೊಸ ಯಂತ್ರ ಕೇಳುವ ಬದಲು ಇಷ್ಟನ್ನು ಬರೆಯಿರಿ. ಸದ್ಯಕ್ಕೆ ಐದಕ್ಕೆ ಎರಡೂವರೆ. ಅರ್ಧ ಅಂಕ ಲೆಗ್ ಪ್ರೆಸ್ಸಿಗೆ.