ಹೆರಿಗೆಗೆ ಜೊತೆ ಯಾರು: ಅಮ್ಮನಾ, ಗಂಡನಾ, ಡೌಲಾನಾ?

ನನಗೆ ಎರಡು ಹೆರಿಗೆ ಆಗಿದೆ, ಎರಡೂ ಬೆಂಗಳೂರಿನಲ್ಲೇ. ಚೊಚ್ಚಲಿಗೆ ಅಮ್ಮ ಜೊತೆಗಿದ್ದರು. ಎರಡನೆಯದಕ್ಕೆ ದುಡ್ಡು ಕೊಟ್ಟು ಡೌಲಾ, ಅಂದರೆ ಹೆರಿಗೆ ಹೊತ್ತಿನಲ್ಲಿ ಜೊತೆಗಿದ್ದು ಆಸರೆಯಾಗುವವರನ್ನ, ಇಟ್ಟುಕೊಂಡೆ. ತಂಗಿ ಈಗ ಬಸುರಿ. ಅವಳಿಗೂ ಡೌಲಾನೇ ಸರಿ ಅಂತ ಹೇಳಿದ್ದೇನೆ.

ಡೌಲಾ ಅಂದರೆ ಸೂಲಗಿತ್ತಿ ಅಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತಲ್ವಾ, ಅವರು ಕೈಯಾರೆ ಹೆರಿಗೆ ಮಾಡಿಸುತ್ತಿದ್ದರು. ಡೌಲಾ ಹೆರಿಗೆ ಮಾಡಿಸುವುದಿಲ್ಲ, ಬಿಪಿ ನೋಡುವುದಿಲ್ಲ, ಔಷಧಿ ಕೊಡುವುದಿಲ್ಲ. ನೋವು ಹೆಚ್ಚಾದಾಗಿಂದ ಮಗು ಬರುವ ತನಕ ಪಕ್ಕದಲ್ಲೇ ಇರುತ್ತಾರೆ.

ಅಮ್ಮ ಇದ್ದಾಗ ಏನಾಯಿತು ಅಂದರೆ, ನನಗೆ ನೋವು ಬಂದಾಗಲೆಲ್ಲ ಅವರು ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದರು. ಅವರು ಹೆದರಬಾರದು ಅಂತ ನಾನು ಹಲ್ಲು ಕಚ್ಚಿ ನರಳಾಟ ನುಂಗಿಕೊಂಡೆ. ಹದಿನಾಲ್ಕು ಗಂಟೆ ಹೀಗೇ. ಸಿಸ್ಟರ್ ಒಳ್ಳೆಯವರೇ, ಆದರೆ ಅವರಿಗೆ ನಾಲ್ಕು ಬೆಡ್ ನೋಡಬೇಕಿತ್ತು.

ಡೌಲಾ ಅಕ್ಕ ಮಾಡಿದ್ದು ಬೇರೆ. ನೋವು ಏರುವಾಗ ಎರಡೂ ಅಂಗೈ ಸೊಂಟದ ಕೆಳಗೆ ಇಟ್ಟು ಬಲವಾಗಿ ಒತ್ತುತ್ತಿದ್ದರು, ಇಳಿದಾಗ ಮೆಲ್ಲಗೆ ಬಿಡುತ್ತಿದ್ದರು. "ಭುಜ ಸಡಿಲ ಬಿಡಮ್ಮ, ಉಸಿರು ಉದ್ದಕ್ಕೆ ಬಿಡು," ಇಷ್ಟೇ ಮಾತು. ಮಲಗಲು ಬಿಡದೆ ನಡೆಸಿದರು. ನಾನು ಜೋರಾಗಿ ನರಳಿದೆ, ಯಾರೂ ಅಳಲಿಲ್ಲ.

ಗಂಡ? ಪ್ರೀತಿ ಬೇಕಾದಷ್ಟಿದೆ, ಆದರೆ ಎಲ್ಲಿ ಒತ್ತಬೇಕು ಅಂತ ತೋರಿಸಿಕೊಡಲು ಒಬ್ಬರು ಬೇಕು.

ಒಂದೇ ದೊಡ್ಡ ತಲೆನೋವು: ಲೇಬರ್ ವಾರ್ಡಿನ ಬಾಗಿಲು. ಏಳನೇ ತಿಂಗಳಲ್ಲಿ ಡೌಲಾ ಒಳಗೆ ಬರಬಹುದಾ ಅಂತ ಕೇಳಿದಾಗ ಆಸ್ಪತ್ರೆಯವರು "ಪರವಾಗಿಲ್ಲ ಮೇಡಂ, ಕರೆದುಕೊಂಡು ಬನ್ನಿ" ಅಂದಿದ್ದರು. ರಾತ್ರಿ ಎರಡಕ್ಕೆ ಹೋದರೆ ಡ್ಯೂಟಿ ಸಿಸ್ಟರ್ "ಒಬ್ಬರೇ ಒಳಗೆ, ಅದೂ ಮನೆಯವರೇ ಆಗಬೇಕು" ಅಂದರು. ಹಗಲು ಒಪ್ಪಿದವರು ರಾತ್ರಿ ಇರಲಿಲ್ಲ. ಮೂರು ನಿಮಿಷಕ್ಕೊಂದು ನೋವು ಬರುತ್ತಿರುವಾಗ ನಾನು ಗೋಡೆ ಹಿಡಿದುಕೊಂಡು ಜಗಳ ಆಡಬೇಕಾಯಿತು.

ನಮ್ಮವರು ಡಾಕ್ಟರಿಗೆ ಫೋನ್ ಮಾಡಿ, ಅವರು ಸಿಸ್ಟರಿಗೆ ಹೇಳಿ, ಬಾಗಿಲು ತೆರೆಯುವ ಹೊತ್ತಿಗೆ ಮುಕ್ಕಾಲು ಗಂಟೆ ಹೋಗಿತ್ತು. ಆ ಮುಕ್ಕಾಲು ಗಂಟೆಯಷ್ಟು ಕಷ್ಟ ಆಮೇಲಿನ ಇಡೀ ಹೆರಿಗೆಯಲ್ಲಿ ಆಗಲಿಲ್ಲ. ಕೊನೆಗೆ ಡೌಲಾ ಅಕ್ಕ ಮತ್ತು ನಮ್ಮವರು ಸರದಿ ಮೇಲೆ ಒಳಗೆ ಬಂದರು.

ಹೆರುವವಳ ಇಷ್ಟದ ಒಬ್ಬರು ಜೊತೆಗಿರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡುವ 2017ರ ಕಾಕ್ರೇನ್ ವಿಮರ್ಶೆ 15,000ಕ್ಕೂ ಜಾಸ್ತಿ ಹೆಂಗಸರ ಲೆಕ್ಕ ನೋಡಿತ್ತು. ಬಿಡದೆ ಜೊತೆಗೆ ಒಬ್ಬರಿದ್ದವರಲ್ಲಿ ಸಿಸೇರಿಯನ್ ಕಮ್ಮಿ, ಹೆರಿಗೆಯೂ ಸ್ವಲ್ಪ ಬೇಗ. ಇಷ್ಟಿದ್ದರೂ ಬಾಗಿಲಲ್ಲಿ ಬೇಡಿಕೊಳ್ಳಬೇಕಾ? ಬಾಯಿ ಮಾತು ನಂಬಬೇಡಿ. ಡೌಲಾ ಬರುತ್ತಾರೆ ಅಂತ ಡಾಕ್ಟರ್ ಕೈಯಲ್ಲೇ ಫೈಲಿನಲ್ಲಿ ಬರೆಸಿ, ಫೋಟೋ ತೆಗೆದಿಟ್ಟುಕೊಳ್ಳಿ.

ಖರ್ಚು: ನಾನು ಕೊಟ್ಟದ್ದು ಮೂವತ್ತು ಸಾವಿರ. ಚೀಟಿ ಎತ್ತಿದ ದುಡ್ಡು. ಸೀಮಂತ ಮನೆಯಲ್ಲೇ ಮಾಡಿ ಹಾಲ್ ಬಾಡಿಗೆ ಉಳಿಸಿದೆವು. ಅಷ್ಟು ಆಗದಿದ್ದರೆ ಅಳದ, ಗಾಬರಿಯಾಗದ ಅತ್ತಿಗೆಯೋ ಚಿಕ್ಕಮ್ಮನೋ ಸಾಕು. ಹೆತ್ತ ಅಮ್ಮನನ್ನು ಮಾತ್ರ ಆ ಕೋಣೆಗೆ ನಾನು ಕರೆಯುವುದಿಲ್ಲ. ಬಾಣಂತನಕ್ಕೆ ಅಮ್ಮನೇ ಬೇಕು. ಎಣ್ಣೆ ನೀರು, ಮೆಣಸಿನ ಸಾರು, ರಾತ್ರಿ ಮಗು ಎತ್ತಿಕೊಳ್ಳುವುದು, ಇದರಲ್ಲಿ ಅವರಿಗೆ ಸಾಟಿ ಇಲ್ಲ.